ನಡುಪೇಟೆಗೊಂದು ನಡಿಗೆ-ಸೈಕಲ್ ದಾರಿ

ಎಲ್ಲರಿಗೂ ನಮಸ್ಕಾರ. ಪೇಟೆ ಮಧ್ಯದಲ್ಲಿ ನಡೆಯೋರಿಗೆ, ಸೈಕಲ್ ತುಳಿಯೋರಿಗೆ ಅಂತಲೇ ಒಂದು ದಾರಿ ಮಾಡ್ಬೇಕು ಅಂದ್ರೆ ಪ್ಲ್ಯಾನ್ ಎಲ್ಲಿಂದ ಶುರು ಮಾಡ್ಬೇಕು, ಇವತ್ತು ಅದರ ಬಗ್ಗೆ ಒಂದೆರಡು ಮಾತು. ಹೊಳೆ ದಂಡೆ ಮೇಲೋ ಪಾರ್ಕ್ ಒಳಗೋ ಇಂಥ ದಾರಿ ಮಾಡೋದು ದೊಡ್ಡ ವಿಷಯ ಅಲ್ಲ, ಜಾಗ ಇರುತ್ತೆ, ತಕರಾರು ಇರಲ್ಲ. ಪೇಟೆಯಲ್ಲಿ ಒಂದಡಿ ಬೇಕಂದ್ರೂ ಯಾರ ಹತ್ರನಾದ್ರೂ ಕಿತ್ಕೊಳ್ಳಲೇಬೇಕು.

ಯಾರ ಹತ್ರ ಅನ್ನೋದೇ ಪ್ರಶ್ನೆ. ಸುಲಭದ ಉಪಾಯ ಏನಂದ್ರೆ ಇರೋ ಫುಟ್‌ಪಾತ್ ಮೇಲೇನೇ ಒಂದು ಬಿಳಿ ಗೆರೆ ಎಳೆದು ಅರ್ಧ ನಡೆಯೋರಿಗೆ ಅರ್ಧ ಸೈಕಲ್‌ಗೆ ಅಂದ್ಬಿಡೋದು, ಕಾರಿನವರು ಕೂಗಾಡಲ್ಲ, ಉದ್ಘಾಟನೆನೂ ಆಗೋಗುತ್ತೆ, ಆದ್ರೆ ಮಾರನೇ ದಿನದಿಂದ ಕೋಲೂರಿಕೊಂಡು ಹೋಗೋ ಅಜ್ಜನಿಗೂ ಬೆಲ್ ಹೊಡ್ಕೊಂಡು ಬರೋ ಹುಡುಗನಿಗೂ ಜಟಾಪಟಿ ಶುರು. ಜಾಗ ತಗೊಳ್ಳೋದಿದ್ರೆ ಗಾಡಿಗಳ ಲೇನ್‌ನಿಂದ, ಪಾರ್ಕಿಂಗ್‌ನಿಂದ ತಗೊಳ್ಳಿ. ಅಮೆರಿಕದ ಇಂಡಿಯಾನಾಪೊಲಿಸ್‌ನವರು ಕಲ್ಚರಲ್ ಟ್ರೇಲ್ ಅಂತ ಮಾಡಿದ್ದು ಹೀಗೇ. 2007ರಲ್ಲಿ ಕೆಲಸ ಶುರುವಾಗಿ 2013ಕ್ಕೆ ಮುಗೀತು, ಆಗ ಅದರ ಉದ್ದ ಸುಮಾರು 8 ಮೈಲಿ, ಹತ್ರ ಹತ್ರ 13 ಕಿಲೋಮೀಟರ್. ದಾರಿ ಪಕ್ಕ ತಗ್ಗಾದ ಗಿಡದ ಪಾತಿ ಮಾಡಿದಾರೆ, ರಸ್ತೆ ಮೇಲಿನ ಮಳೆನೀರು ಅದರೊಳಗೆ ಇಳಿದು ಇಂಗುತ್ತೆ. ಖರ್ಚು ಸುಮಾರು 6.3 ಕೋಟಿ ಡಾಲರ್, ಖಾಸಗಿ ದೇಣಿಗೆ ಮತ್ತೆ ಕೇಂದ್ರ ಸರ್ಕಾರದ ದುಡ್ಡು ಸೇರಿ. ಕಮ್ಮಿ ಏನಲ್ಲ ಬಿಡಿ.

ಇನ್ನು ಅಸಲಿ ಪರೀಕ್ಷೆ ಸರ್ಕಲ್‌ನಲ್ಲಿ. ಎಷ್ಟೋ ಕಡೆ ದಾರಿ ಚೆನ್ನಾಗಿ ಬಂದು, ಎಲ್ಲಿ ನಿಜವಾಗ್ಲೂ ಬೇಕೋ ಅಲ್ಲೇ, ಸಿಗ್ನಲ್ ಹತ್ರ ಮಾಯ ಆಗುತ್ತೆ. ಸೆಕೆಂಡಿಗೆ 1.2 ಮೀಟರ್ ಲೆಕ್ಕದಲ್ಲಿ ನಡೆದ್ರೆ 14 ಮೀಟರ್ ರಸ್ತೆ ದಾಟೋಕೆ ಹೆಚ್ಚುಕಮ್ಮಿ 12 ಸೆಕೆಂಡ್ ಬೇಕು, ಸೆಕೆಂಡಿಗೆ 0.8 ಮೀಟರ್ ನಡೆಯೋ ವಯಸ್ಸಾದವರಿಗೆ 17 ದಾಟುತ್ತೆ, ಸಿಗ್ನಲ್ ಟೈಮ್ ಇವರ ಲೆಕ್ಕದಲ್ಲಿ ಇಡಬೇಕು ತಾನೇ? ಜೊತೆಗೆ ಗಾಡಿಗಳಿಗಿಂತ ಕೆಲವು ಸೆಕೆಂಡ್ ಮುಂಚೆ ಇವರಿಗೆ ಹಸಿರು ಕೊಟ್ರೆ, ತಿರುಗೋ ಲಾರಿ ಡ್ರೈವರ್ ಕಣ್ಣಿಗೆ ಇವರು ಮೊದಲೇ ಬೀಳ್ತಾರೆ.

ಕಟ್ಟಡಗಳ ಗೇಟ್ ಹತ್ರ ಇನ್ನೊಂದು ಕಥೆ. ಕಾರು ಒಳಗೆ ಹೋಗ್ಲಿ ಅಂತ ಪ್ರತಿ ಗೇಟಿಗೂ ದಾರಿ ಇಳಿಸಿ ಹತ್ತಿಸ್ತಾರೆ, ವೀಲ್‌ಚೇರ್‌ನವರ ಗತಿ ಏನು? ದಾರಿ ಒಂದೇ ಮಟ್ಟದಲ್ಲಿರ್ಲಿ, ಹತ್ತಿ ಇಳಿಯೋ ಕೆಲಸ ಕಾರಿಗಿರ್ಲಿ, ಹಾಗಾದ್ರೆ ಅದೂ ನಿಧಾನ ಆಗುತ್ತೆ. ಹಾಗೇ ನಿಂತ ಕಾರುಗಳಿಗೂ ಸೈಕಲ್ ದಾರಿಗೂ ನಡುವೆ ಸುಮಾರು ಒಂದು ಮೀಟರ್ ಬಿಡಿ, ಯಾರೋ ಫಟ್ ಅಂತ ಬಾಗಿಲು ತೆಗೆದ್ರೆ ಸೈಕಲ್‌ನವನು ನೆಲ ಕಚ್ಚೋದು ತಪ್ಪುತ್ತೆ.

ಅಂಗಡಿಯವರು ಗಿರಾಕಿ ಬರಲ್ಲ ಅಂತ ಹೆದರ್ತಾರೆ, ಅದು ಸಹಜ. ಅವರಿಗೆ ಸಾಮಾನು ಇಳಿಸೋಕೆ ಬೆಳಗ್ಗೆ ಟೈಮ್ ಕೊಡಿ, ಮತ್ತೆ ಕಾಂಕ್ರೀಟ್ ಹಾಕೋಕೆ ಮುಂಚೆ ಟ್ರಯಲ್ ಮಾಡಿ. ನ್ಯೂಯಾರ್ಕ್‌ನ ಟೈಮ್ಸ್ ಸ್ಕ್ವೇರ್‌ನಲ್ಲಿ 2009ರಲ್ಲಿ ಬ್ರಾಡ್‌ವೇ ರಸ್ತೆಯ ಒಂದು ಭಾಗಕ್ಕೆ ಗಾಡಿ ಬಂದ್ ಮಾಡಿ ಮಡಚೋ ಕುರ್ಚಿ ಹಾಕಿದ್ರು ಅಷ್ಟೇ, ಮಾರನೇ ವರ್ಷ ಅದನ್ನೇ ಕಾಯಂ ಮಾಡಿದ್ರು. ಟ್ರಯಲ್ ಕೈಕೊಟ್ರೆ ಕುರ್ಚಿ ಎತ್ತಿದ್ರಾಯ್ತು, ನಷ್ಟ ಏನಿದೆ.

ಕೊನೇದಾಗಿ, ಗುಡಿಸೋರು ಯಾರು, ಹೋದ ಬಲ್ಬ್ ಹಾಕೋರು ಯಾರು? ಇಂಡಿಯಾನಾಪೊಲಿಸ್‌ನಲ್ಲಿ ಇದಕ್ಕೇ ಅಂತ ಲಾಭಕ್ಕಲ್ಲದ ಒಂದು ಸಂಸ್ಥೆ ಇದೆ. ನಿಮ್ಮ ಕಡೆ ಯಾರು ಮಾಡ್ತಾರೆ, ದುಡ್ಡು ಎಲ್ಲಿಂದ ಬರುತ್ತೆ ಅನ್ನೋದನ್ನ ಟೆಂಡರ್ ಕರೆಯೋಕೆ ಮುಂಚೆನೇ ಪ್ಲ್ಯಾನ್‌ನಲ್ಲಿ ಬರೆಸ್ಕೊಳ್ಳಿ. ನಮಸ್ಕಾರ.