ಟೆನಿಸ್ ಎಲ್ಬೋ: ಕೈ ಕಟ್ಟಿ ಕೂರಬೇಡಿ

[ದೃಶ್ಯ: ಬೆಳಗಿನ ಅಡುಗೆಮನೆ. ಒಲೆಯ ಮೇಲೆ ಹಾಲಿನ ಪಾತ್ರೆ, ಅದನ್ನು ಎತ್ತುವ ಕೈ.]

ನಮಸ್ಕಾರ. ಹಾಲಿನ ಪಾತ್ರೆ ಎತ್ತಲು ಹೋದರೆ ಮೊಣಕೈಯ ಹೊರಬದಿಯಲ್ಲಿ ಚಳಕ್ ಅಂತ ನೋವು. ಬೀಗ ತಿರುಗಿಸಿದರೆ ನೋವು, ಯಾರಾದರೂ ಕೈ ಕುಲುಕಿದರೆ ನೋವು. ಕೈಯನ್ನು ಸುಮ್ಮನೆ ತೊಡೆಯ ಮೇಲಿಟ್ಟುಕೊಂಡರೆ ಮಾತ್ರ ಏನೂ ಇಲ್ಲ. ಹೋದ ವರ್ಷ ನನ್ನ ಪಾಡು ಇದೇ ಆಗಿತ್ತು. ಈ ನೋವಿನ ಹೆಸರು ಟೆನಿಸ್ ಎಲ್ಬೋ.

ನಾನು ಮುಂಬೈ ಪಕ್ಕದ ಡೊಂಬಿವಲಿಯವಳು. ದಿನಾ ದಾದರ್‌ಗೆ ಲೋಕಲ್ ರೈಲು, ಭಾನುವಾರ ಬ್ಯಾಡ್ಮಿಂಟನ್. ಟೆನಿಸ್ ಆಡಿದವಳೇ ಅಲ್ಲ. ಈ ನೋವು ಬಂದವರಲ್ಲಿ ಹೆಚ್ಚಿನವರು ಆಡಿದವರಲ್ಲ. ಮಾಟುಂಗಾದ ಉಡುಪಿ ಹೋಟೆಲುಗಳಲ್ಲಿ ಬೆಳಗಿನಿಂದ ದೋಸೆ ಮಗುಚುವ ಕೈಗೂ ಬರಬಹುದು, ತೆಂಗಿನಕಾಯಿ ತುರಿದು ಬಟ್ಟೆ ಹಿಂಡುವ ಕೈಗೂ ಬರಬಹುದು, ಇಡೀ ದಿನ ಮೌಸ್ ಹಿಡಿದ ಕೈಗೂ ಬರಬಹುದು. 35ರಿಂದ 55ರ ವಯಸ್ಸಿನಲ್ಲಿ ಹೆಚ್ಚು.

[ದೃಶ್ಯ: ಮುಂಗೈಯ ಚಿತ್ರ. ಮೊಣಕೈಯ ಹೊರಗಿನ ಎಲುಬಿನ ಉಬ್ಬಿಗೆ ಕೆಂಪು ಬಣ್ಣ.]

ಮಣಿಕಟ್ಟನ್ನು ಮೇಲೆತ್ತುವ ಸ್ನಾಯುಗಳಲ್ಲಿ ಹೆಚ್ಚಿನವು ಈ ಉಬ್ಬಿಗೆ ಬಂದು ಅಂಟಿಕೊಂಡಿವೆ. ಅಂಟಿಸುವ ಹಗ್ಗವೇ ಟೆಂಡನ್. ನಾವು ಏನನ್ನಾದರೂ ಬಿಗಿಯಾಗಿ ಹಿಡಿದಾಗಲೆಲ್ಲ ಮಣಿಕಟ್ಟು ಬಗ್ಗದಂತೆ ತಡೆಯುವುದು ಈ ಸ್ನಾಯುಗಳೇ. ಹಾಗಾಗಿ ಪೆಟ್ಟು ಕೈಯಲ್ಲಿ ಹಿಡಿದ ವಸ್ತುವಿನಿಂದ, ನೋವು ಮೊಣಕೈಯಲ್ಲಿ. ತುಂಬ ದಿನದ ನೋವಿನಲ್ಲಿ ಅಲ್ಲಿ ಉರಿಯೂತಕ್ಕಿಂತ ಹೆಚ್ಚಾಗಿ ಟೆಂಡನ್ನಿನ ಎಳೆಗಳೇ ಸವೆದು, ಅಸ್ತವ್ಯಸ್ತವಾಗಿರುತ್ತವೆ. ನೋವಿನ ಮಾತ್ರೆ ನುಂಗಿದರೆ ಆ ಎಳೆಗಳು ಗಟ್ಟಿಯಾಗುವುದಿಲ್ಲ.

ನಮ್ಮ ಊರಿನ ಸಚಿನ್ ತೆಂಡೂಲ್ಕರ್ ನೆನಪಿದೆಯಲ್ಲ? 2004ರಲ್ಲಿ ಇದೇ ನೋವು ಅವರನ್ನು ಆಟದಿಂದ ಹೊರಗಿಟ್ಟಿತು. 2005ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆ ಆಯಿತು, ಅದೇ ವರ್ಷ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಶ್ರೀಲಂಕಾ ವಿರುದ್ಧ 93 ಹೊಡೆದರು. ಹಾಗಂತ ಹೆದರಬೇಡಿ. ನಮ್ಮಂಥ ಬಹುತೇಕರಿಗೆ ಶಸ್ತ್ರಚಿಕಿತ್ಸೆಯ ಅಗತ್ಯವೇ ಬೀಳುವುದಿಲ್ಲ. ಬೇಕಾಗುವುದು ಕಾಲ. ಹೆಚ್ಚಿನವರಿಗೆ ಒಂದು ವರ್ಷದೊಳಗೆ ವಾಸಿಯಾಗುತ್ತದೆ.

ಆ ಕಾಲವನ್ನು ಹೇಗೆ ಕಳೆಯುತ್ತೇವೆ ಎಂಬಲ್ಲೇ ನಾನು ತಪ್ಪಿದೆ. ಅತ್ತಿಗೆ ಹೇಳಿದರು, "ಕೈ ಅಲ್ಲಾಡಿಸಬೇಡ, ತಾನಾಗೇ ಹೋಗುತ್ತೆ." ಆರು ವಾರ ಬಲಗೈಗೆ ಒಂದು ಕೆಲಸವನ್ನೂ ಕೊಡಲಿಲ್ಲ. ನೋವು ಹೋಯಿತು. ಏಳನೇ ವಾರ ಒಂದು ಟವೆಲ್ ಹಿಂಡಿದೆ, ಅಷ್ಟೇ, ಮೊದಲಿಗಿಂತ ಜೋರಾಗಿ ಮರಳಿತು. ಕೆಲಸವಿಲ್ಲದ ಟೆಂಡನ್ ಇನ್ನಷ್ಟು ಸೋಲುತ್ತದೆ. ಅದಕ್ಕೆ ಭಾರ ಬೇಕು, ಆದರೆ ಅಳತೆಯ ಭಾರ.

ಒಂದೇ ಒಂದು ಬದಲಾವಣೆ ಮಾಡುತ್ತೀರಾದರೆ ಇದನ್ನು ಮಾಡಿ.

[ದೃಶ್ಯ: ತರಕಾರಿ ಚೀಲ, ಮೊದಲು ಅಂಗೈ ಕೆಳಗೆ ಮಾಡಿ, ಆಮೇಲೆ ಅಂಗೈ ಮೇಲೆ ಮಾಡಿ ಎತ್ತುವುದು.]

ಅಂಗೈ ಮೇಲ್ಮುಖವಾಗಿ, ಮೊಣಕೈ ಮಡಚಿ, ಮೈಗೆ ಹತ್ತಿರ ಹಿಡಿದು ಎತ್ತಿ. ಭಾರ ಬೇರೆ ಸ್ನಾಯುಗಳಿಗೆ ಹೋಗುತ್ತದೆ. ಲೋಕಲ್ಲಿನಲ್ಲಿ ಮೇಲಿನ ಹಿಡಿಕೆಗೆ ಇನ್ನೊಂದು ಕೈ ಕೊಡಿ. ನಡಿಗೆ, ಓಟ, ಕಾಲಿನ ವ್ಯಾಯಾಮ ಯಾವುದನ್ನೂ ಬಿಡಬೇಕಿಲ್ಲ. ನಾನು ಬ್ಯಾಡ್ಮಿಂಟನ್‌ಗೆ ಮರಳಿದ್ದು ಹದಿನೈದು ನಿಮಿಷದಿಂದ, ಅದೂ ಸ್ಮ್ಯಾಶ್ ಇಲ್ಲದೆ, ರ‍್ಯಾಕೆಟ್ಟನ್ನು ಸಡಿಲವಾಗಿ ಹಿಡಿದು. ಮೊಣಕೈಯಿಂದ ಎರಡು ಬೆರಳು ಕೆಳಗೆ ಕಟ್ಟುವ ಪಟ್ಟಿ ಕೆಲಸದ ಹೊತ್ತಿಗೆ ಆಸರೆ, ಮಲಗುವಾಗ ಬಿಚ್ಚಿಡಿ.

ಸ್ಟೆರಾಯ್ಡ್ ಇಂಜೆಕ್ಷನ್ ಬಗ್ಗೆ ಸ್ಪಷ್ಟವಾಗಿ ಹೇಳುತ್ತೇನೆ. ಮೊದಲ ಕೆಲವು ವಾರ ಹಾಯೆನಿಸುತ್ತದೆ, ಆದರೆ ವರ್ಷದ ಕೊನೆಗೆ ನೋಡಿದರೆ ಇಂಜೆಕ್ಷನ್ ತೆಗೆದುಕೊಂಡವರಲ್ಲೇ ನೋವು ಮರುಕಳಿಸುವುದು ಹೆಚ್ಚು. ಅವಸರಕ್ಕೆ ಬಿದ್ದು ಒಪ್ಪಬೇಡಿ, ವೈದ್ಯರಿಗೆ ಕೇಳಿ ನಿರ್ಧರಿಸಿ. ಬಿದ್ದ ಮೇಲೆ ಶುರುವಾದ ನೋವು, ಊತ, ಜ್ವರ, ಬೆರಳುಗಳಲ್ಲಿ ಜೋಮು, ಕುತ್ತಿಗೆಯಿಂದ ಇಳಿಯುವ ನೋವು ಇದ್ದರೆ ವ್ಯಾಯಾಮಕ್ಕೆ ಮೊದಲು ವೈದ್ಯರನ್ನೇ ನೋಡಿ.

ಈಗ ಅರ್ಧ ಲೀಟರಿನ ನೀರಿನ ಬಾಟಲಿ ತನ್ನಿ. ಅದೇ ನಮ್ಮ ಅರ್ಧ ಕಿಲೋ ತೂಕ. ಅದೂ ಹೆಚ್ಚೆನಿಸಿದರೆ ಸ್ವಲ್ಪ ನೀರು ಚೆಲ್ಲಿ.

[ದೃಶ್ಯ: ಮೇಜಿನ ಮೇಲೆ ಮುಂಗೈ, ಅಂಗೈ ಕೆಳಮುಖ, ಮಣಿಕಟ್ಟು ಅಂಚಿನಾಚೆ.]

ನೋಯುವ ಕೈಯಲ್ಲಿ ಬಾಟಲಿ ಹಿಡಿದು, ಅದರ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಮೇಲೆತ್ತಿ. ಆಸರೆ ಕೊಟ್ಟ ಕೈ ತೆಗೆಯಿರಿ. ಈಗ ನೋಯುವ ಕೈಯೊಂದರಿಂದಲೇ ಮೆಲ್ಲಗೆ ಇಳಿಸಬೇಕು. ಗುಣ ಮಾಡುವುದು ಇಳಿಸುವ ಕೆಲಸವೇ, ಅವಸರ ಬೇಡ. ಹತ್ತು ಸಲ, ಸ್ವಲ್ಪ ವಿರಾಮ, ಹೀಗೆ ಮೂರು ಸುತ್ತು. ಹತ್ತರಲ್ಲಿ ಮೂರರಷ್ಟು ನೋವು ಬಂದರೆ ಪರವಾಗಿಲ್ಲ. ಮರುದಿನ ಬೆಳಗ್ಗೆಯೂ ಅದು ಉಳಿದಿದ್ದರೆ ನೀರು ಇನ್ನಷ್ಟು ಕಡಿಮೆ ಮಾಡಿ. ಎರಡು ವಾರಕ್ಕೆ ಫಲ ಕಾಣದಿದ್ದರೆ ಕೈಬಿಡಬೇಡಿ, ನನಗೆ ವ್ಯತ್ಯಾಸ ಗೊತ್ತಾಗಿದ್ದು ಎಂಟನೇ ವಾರ.

ಕೈ ಮೇಲಿದೆಯಾ? ಇಳಿಸೋಣ. ಒಂದು... ಎರಡು... ಮೂರು... ನಾಲ್ಕು.