ಭತ್ತ ಬೆಳೆಯದ ಗದ್ದೆಗೆ ಭತ್ತದ ದುಡ್ಡು

ಎಲ್ಲರಿಗೂ ನಮಸ್ಕಾರ. ಊಟದ ಹೊತ್ತಾಯಿತು, ಜಾಸ್ತಿ ಎಳೆಯುವುದಿಲ್ಲ. ಅಮೆರಿಕದ ರೈತರ ಸಬ್ಸಿಡಿ ಬಗ್ಗೆ ಮಾತಾಡಿ ಎಂದಿದ್ದಾರೆ. ಅದು ದೊಡ್ಡ ಸಂತೆ. ನಾನು ಒಂದು ಮೂಲೆ ಮಾತ್ರ ತೋರಿಸುತ್ತೇನೆ.

ಟೆಕ್ಸಾಸ್ ರಾಜ್ಯದಲ್ಲಿ 254 ಕೌಂಟಿಗಳಿವೆ. ಕೌಂಟಿ ಅಂದರೆ ಸದ್ಯಕ್ಕೆ ನಮ್ಮ ತಾಲ್ಲೂಕು ಅಂದುಕೊಳ್ಳಿ. ಹ್ಯೂಸ್ಟನ್ ನಗರ ದಾಟಿ ನೈಋತ್ಯಕ್ಕೆ ಹೋದರೆ ವಾರ್ಟನ್ ಕೌಂಟಿ, ಅಲ್ಲಿ ಎಲ್ ಕ್ಯಾಂಪೊ ಅನ್ನುವ ಊರು. ಭತ್ತದ ಸೀಮೆ ಅದು.

1996ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಒಂದು ಕಾನೂನು ತಂದಿತು. ಹಿಂದೆ ನಿಮ್ಮ ಜಮೀನಿನಲ್ಲಿ ಎಷ್ಟು ಎಕರೆ ಭತ್ತ, ಗೋಧಿ, ಜೋಳ ಇತ್ತೋ ಅದು ಕಡತದಲ್ಲಿರುತ್ತೆ. ಅದಕ್ಕೆ 'ಬೇಸ್ ಎಕರೆ' ಎನ್ನುತ್ತಾರೆ. ಈ ವರ್ಷ ಬಿತ್ತಿ, ಬಿಡಿ, ಆ ಎಕರೆ ಲೆಕ್ಕದಲ್ಲಿ ಚೆಕ್ ಬರುತ್ತೆ. ಏಳು ವರ್ಷ ಹೀಗೆ ಕೊಟ್ಟು ರೈತರನ್ನು ಸಬ್ಸಿಡಿಯಿಂದ ಬಿಡಿಸುವುದು ಅವರ ಲೆಕ್ಕಾಚಾರ. ಮಗುವಿಗೆ ಹಾಲು ಬಿಡಿಸಿದ ಹಾಗೆ. ಬಿಡಿಸಲಿಲ್ಲ. 2002ರಲ್ಲಿ 'ನೇರ ಪಾವತಿ' ಅಂತ ಹೆಸರು ಬದಲಾಯಿಸಿ ಮುಂದುವರಿಸಿದರು.

ಆಮೇಲೆ ಏನಾಯಿತು ನೋಡಿ. ಎಲ್ ಕ್ಯಾಂಪೊ ಕಡೆ ಹಳೇ ಗದ್ದೆಗಳನ್ನು ತುಂಡು ಮಾಡಿ ಮನೆ ಕಟ್ಟಿ ಮಾರಿದರು. ಮುಂದೆ ಮನೆ, ಹಿಂದೆ ಹತ್ತಾರು ಎಕರೆ ಹುಲ್ಲು. ಕೊಂಡವರು ಒಂದು ಪೈರೂ ನೆಟ್ಟವರಲ್ಲ. ಆದರೆ ಆ ಹುಲ್ಲಿನಡಿ ಭತ್ತದ ಬೇಸ್ ಎಕರೆ ಇತ್ತಲ್ಲ, ವರ್ಷವರ್ಷ ಚೆಕ್ ಬರುತ್ತಿತ್ತು! 2006ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಇದನ್ನು ಬರೆಯಿತು. ಬೇಸಾಯವನ್ನೇ ಮಾಡದವರಿಗೆ 2000ದಿಂದೀಚೆ ಕನಿಷ್ಠ 130 ಕೋಟಿ ಡಾಲರ್ ಹೋಗಿದೆ ಎಂದು ಲೆಕ್ಕ ಕೊಟ್ಟಿತು.

ನಗಬೇಡಿ. ಪಿಎಂ ಕಿಸಾನ್‌ನ 6,000 ರೂಪಾಯಿಯೂ ಪಹಣಿಯಲ್ಲಿ ಹೆಸರಿದ್ದವರಿಗೇ ಅಲ್ವಾ? ಪಕ್ಕದವರ ಹೊಲ ಗುತ್ತಿಗೆಗೆ ಹಿಡಿದು ಬೆವರು ಸುರಿಸುವವನಿಗೆ ಏನಿದೆ?

ಗೇಣಿದಾರನ ವಿಷಯಕ್ಕೆ ಬಂದರೆ ಅಮೆರಿಕದ ನಿಯಮ ಕೇಳುವುದಕ್ಕೆ ಚೆನ್ನಾಗಿದೆ. ನಗದು ಗೇಣಿ ಕೊಟ್ಟು ಸಾಗುವಳಿ ಮಾಡುವವನಿಗೇ ಚೆಕ್. ಹಾಗಾದರೆ ಮಾಲೀಕ ಸುಮ್ನೆ ಇರುತ್ತಾನಾ? 'ನಿನಗೆ ಚೆಕ್ ಬರುತ್ತಲ್ಲಪ್ಪ' ಎಂದು ಗೇಣಿ ಏರಿಸುತ್ತಾನೆ. ಟೆಕ್ಸಾಸ್‌ನಲ್ಲಿ ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಗೇಣಿದಾರನನ್ನೇ ಬಿಡಿಸಿ, ದನ ಮೇಯಿಸಿಕೊಂಡು, ಭತ್ತದ ದುಡ್ಡು ತಾವೇ ಇಟ್ಟುಕೊಂಡರು. 'ಉಳುವವನೇ ಹೊಲದೊಡೆಯ' ಎಂದು ಕೂಗಿದ ನಾಡಿನವರು ನಾವು. ಇದು ನಮಗೆ ಬೇಗ ಅರ್ಥವಾಗುತ್ತೆ.

2014ರಲ್ಲಿ ನೇರ ಪಾವತಿ ನಿಲ್ಲಿಸಿದರು. ಈಗ ಬೆಲೆಯೋ ಆದಾಯವೋ ಕುಸಿದರೆ ಮಾತ್ರ ಹಣ. ಬೆಲೆ ಕುಸಿಯಿತೋ ಇಲ್ಲವೋ ಎಂದು ಅಳೆಯಲು ಮೆಕ್ಕೆಜೋಳಕ್ಕೆ ಆಗ ಕಾನೂನಿನಲ್ಲಿ ಬರೆದ ಬೆಲೆ ಬುಷೆಲ್‌ಗೆ 3.70 ಡಾಲರ್. ಬುಷೆಲ್ ಅಂದರೆ ಸುಮಾರು 25 ಕಿಲೋ. ಆದರೆ ಬೇಸ್ ಎಕರೆ ಹೋಗಲಿಲ್ಲ. ಹೊಲದಲ್ಲಿ ಸೋಯಾ ಇದ್ದರೂ, ಕಡತದಲ್ಲಿ ಮೆಕ್ಕೆಜೋಳ ಇದ್ದರೆ ಮೆಕ್ಕೆಜೋಳದ ಲೆಕ್ಕವೇ.

ಕಡೆಯದಾಗಿ ಒಂದು. ಚೀನಾ ಜೊತೆ ಸುಂಕದ ಜಗಳ ನಡೆದಾಗ, 2019ರಲ್ಲಿ, ರೈತರಿಗೆ ಪರಿಹಾರ ಕೊಟ್ಟರು. ಈ ಸಲ ಬಿತ್ತಿದವರಿಗೇ ಕೊಟ್ಟರು, ಅದು ಒಪ್ಪಬೇಕಾದದ್ದೇ. ಆದರೆ ದರ ಕೌಂಟಿಗೊಂದು. ಎಕರೆಗೆ 15 ಡಾಲರ್‌ನಿಂದ 150 ಡಾಲರ್‌ವರೆಗೆ. ನಿಮ್ಮ ಹೊಲದಲ್ಲಿ ಯಾವ ಬೆಳೆ ಇದೆ ಅನ್ನುವುದರ ಮೇಲೆ ದರ ನಿಲ್ಲುತ್ತಿರಲಿಲ್ಲ, ಇಡೀ ಕೌಂಟಿಯ ಬೆಳೆಗಳ ಮೇಲೆ ನಿಲ್ಲುತ್ತಿತ್ತು. ಅದೇ ಮಣ್ಣು, ಅದೇ ಸೋಯಾ, ನಡುವೆ ಕೌಂಟಿಯ ಗಡಿ. ಈ ಕಡೆಯವನಿಗೆ ಒಂದು ದರ, ಆ ಕಡೆಯವನಿಗೆ ಇನ್ನೊಂದು.

ಪ್ರಶ್ನೆಗಳಿದ್ದರೆ ಊಟ ಮಾಡುತ್ತಲೇ ಕೇಳಿ, ನಾನು ಅಲ್ಲೇ ಇರುತ್ತೇನೆ.