ಕಣ್ಣು ಬೆಂಗಳೂರಲ್ಲಿ, ಕೈ ಎಲ್ಲಿ?

ನಮಸ್ಕಾರ ರೀ, ದಾವಣಗೆರೆಯಿಂದ. ಇವತ್ತು ನೆಟ್‌ವರ್ಕ್ ಕಾಯೋ ಪೆಟ್ಟಿಗೆಗಳ ಬಗ್ಗೆ ಮಾತು. ಪೆಟ್ಟಿಗೆ ಮಾರೋರಿಗೆ ಈ ಸಂಚಿಕೆ ಹಿಡಿಸಲಿಕ್ಕಿಲ್ಲ.

2013ರ ನವೆಂಬರ್ 30. ಅಮೆರಿಕದಲ್ಲಿ ಹಬ್ಬದ ಖರೀದಿ ಜೋರಾಗಿರೋ ವಾರ. ಟಾರ್ಗೆಟ್ ಅನ್ನೋ ದೊಡ್ಡ ಅಂಗಡಿ ಸರಪಳಿಯ ಬಿಲ್ಲಿಂಗ್ ಕೌಂಟರ್‌ಗಳಲ್ಲಿ ಕಾರ್ಡ್ ನಂಬರ್ ಕದಿಯೋ ಮಾಲ್‌ವೇರ್ ಆಗಲೇ ಬಂದು ಕೂತಿದೆ. ಕಳ್ಳರು ಒಳಗೆ ಬಂದದ್ದು ಅಂಗಡಿಗಳ ಫ್ರಿಜ್, ಎಸಿ ಕೆಲಸ ಮಾಡ್ತಿದ್ದ ಗುತ್ತಿಗೆದಾರನ ಪಾಸ್‌ವರ್ಡ್ ಕದ್ದು. ಕಂಪನಿ ಸುಮ್ನೆ ಕೂತಿರಲಿಲ್ಲ. ಕೆಲವೇ ತಿಂಗಳ ಹಿಂದೆ 16 ಲಕ್ಷ ಡಾಲರ್ ಸುರಿದು ಫೈರ್‌ಐ ಅನ್ನೋ ಕಂಪನಿಯ ಪತ್ತೆ ವ್ಯವಸ್ಥೆ ಹಾಕಿಸಿತ್ತು. ಅದು ತನ್ನ ಕೆಲಸ ಮಾಡ್ತು, ಅಲರ್ಟ್ ಕೊಡ್ತು. ಆ ಅಲರ್ಟ್ ನೋಡಿದ್ದು ಯಾರು ಗೊತ್ತಾ? ಬೆಂಗಳೂರಲ್ಲಿ ಕೂತಿದ್ದ ತಂಡ. ನೋಡಿದ್ರು, ಮಿನಿಯಾಪೊಲಿಸ್‌ನ ಹೆಡ್ ಆಫೀಸಿಗೆ ತಿಳಿಸಿದ್ರು. ಅಲ್ಲಿ ಯಾರೂ ಏಳಲಿಲ್ಲ. ಮಾಲ್‌ವೇರ್ ಸಿಕ್ಕಿದ ಕೂಡಲೇ ತಾನೇ ಅಳಿಸಿ ಹಾಕೋ ಸೌಲಭ್ಯ ಆ ವ್ಯವಸ್ಥೆಯಲ್ಲೇ ಇತ್ತು, ಅದನ್ನೂ ಆಫ್ ಮಾಡಿಟ್ಟಿದ್ರು. 4 ಕೋಟಿ ಕಾರ್ಡುಗಳ ವಿವರ ಹೋಯ್ತು. ಅಲರ್ಟ್ ಬಂದಿತ್ತು ಅನ್ನೋ ಸಂಗತಿ ಮರುವರ್ಷ ಪತ್ರಕರ್ತರು ಕೆದಕಿದ ಮೇಲೆ ಹೊರಗೆ ಬಂತು.

ಈ ಕಥೆ ನಾನು ಮತ್ತೆ ಮತ್ತೆ ಎತ್ತೋದಕ್ಕೆ ಕಾರಣ ಇದೆ. ನಮ್ಮೂರಲ್ಲಿ 1951ರಿಂದ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜಿದೆ, 1979ರಿಂದ ಬಿಐಇಟಿ ಇದೆ. ಅಲ್ಲಿ ಓದಿದ ಹುಡುಗ್ರು, ಹುಡುಗೀರು ರಾತ್ರಿ ಬಸ್ ಹತ್ತಿ ಬೆಂಗಳೂರಿಗೆ ಹೋಗ್ತಾರೆ, ಎಸ್‌ಒಸಿ ಅನ್ನೋ, ನೆಟ್‌ವರ್ಕ್ ಮೇಲೆ ಕಣ್ಣಿಡೋ ಕೋಣೆಯೊಳಗೆ ರಾತ್ರಿ ಪಾಳಿ ಮಾಡ್ತಾರೆ. ಓಹಿಯೋದ ಅಂಗಡಿ, ಲಂಡನ್ನಿನ ಬ್ಯಾಂಕು, ಎಲ್ಲಾ ನಮ್ಮ ಮಕ್ಕಳ ಕಾವಲು. ಇತ್ತ ಅದೇ ಮಕ್ಕಳ ಅಪ್ಪಂದಿರು ಎಫ್‌ಡಿ ಇಟ್ಟಿರೋ ಸಹಕಾರಿ ಬ್ಯಾಂಕಿನ ಸರ್ವರ್ ರೂಮಲ್ಲಿ ರಾತ್ರಿ ಯಾರಿದ್ದಾರೆ? ಒಂದು ಎಸಿ, ಒಂದು ಯುಪಿಎಸ್, ಬಾಗಿಲ ಮೇಲೆ ಒಂದು ನಿಂಬೆಹಣ್ಣು.

ಅಂಥದೊಂದು ರೂಮು ನಾನೇ ನೋಡಿದೀನಿ. ಸಂಸ್ಥೆ ಹೆಸರು ಬೇಡ. ರ‍್ಯಾಕಿನಲ್ಲಿ ಒಳ್ಳೇ ಕಂಪನಿಯ ಫೈರ್‌ವಾಲ್, ನೆಟ್‌ವರ್ಕಿನ ಬಾಗಿಲು ಕಾಯೋ ದುಬಾರಿ ಪೆಟ್ಟಿಗೆ. ಮುಂದೆ ಹಸಿರು ದೀಪ ಮಿಣಮಿಣ ಅಂತಿದೆ. ಪೂಜೆ ಮಾಡಿದ ಕುಂಕುಮ ಇನ್ನೂ ಹಾಗೇ ಇದೆ. ಸೆಟ್ಟಿಂಗ್ಸ್ ತೆಗೆದು, ಅಲರ್ಟ್ ಯಾರಿಗೆ ಹೋಗ್ತಾ ಇದೆ ಅಂತ ನೋಡಿದ್ರೆ, ಅದನ್ನ ಕೂರಿಸಿದ ಇಂಜಿನಿಯರ್‌ನ ಇಮೇಲ್. ಆತ ಕೆಲಸ ಬಿಟ್ಟು ವೈಟ್‌ಫೀಲ್ಡ್ ಸೇರಿ ಯಾವ ಕಾಲವಾಯ್ತೋ. ಪೆಟ್ಟಿಗೆಗೆ ಅದು ಗೊತ್ತಿಲ್ಲ ಪಾಪ. ಪ್ರತಿದಿನ ಬೆಳಗ್ಗೆ ಆರಕ್ಕೆ ಚಾಚೂ ತಪ್ಪದೆ ವರದಿ ಕಳಿಸ್ತಾ ಇದೆ. ಇಂಥ ದೇಶದಿಂದ ಇಷ್ಟು ಸಲ ಲಾಗಿನ್ ಪ್ರಯತ್ನ, ಇಂಥ ಕಂಪ್ಯೂಟರಿನಿಂದ ಹೀಗೊಂದು ಅನುಮಾನದ ಸಂಪರ್ಕ. ಮ್ಯಾನೇಜರ್ ಕೇಳಿದ್ರೆ "ಸರ್, ನಮ್ಮಲ್ಲಿ ಫೈರ್‌ವಾಲ್ ಇದೆ" ಅಂತಾರೆ. ಇದೆ, ಹೌದು.

ಈಗ ಒಂದು ಲೆಕ್ಕ ಹೇಳ್ತೀನಿ, ಕೇಳ್ರಿ. ಯಂತ್ರಕ್ಕೆ ಮನುಷ್ಯ ಯಾಕೆ ಬೇಕು ಅಂತ ಇದಕ್ಕಿಂತ ಚೆನ್ನಾಗಿ ಹೇಳೋ ಲೆಕ್ಕ ನನಗೆ ಸಿಕ್ಕಿಲ್ಲ. ಒಂದು ನೆಟ್‌ವರ್ಕಲ್ಲಿ ದಿನಕ್ಕೆ 10 ಲಕ್ಷ ಘಟನೆ ನಡೀತಾವೆ ಅಂತ ಇಟ್ಕೊಳ್ರಿ. ಲಾಗಿನ್, ಫೈಲ್ ತೆರೆಯೋದು, ವೆಬ್‌ಸೈಟ್ ನೋಡೋದು, ಎಲ್ಲಾ ಸೇರಿ. ಅದರಲ್ಲಿ ಹತ್ತೇ ಹತ್ತು ನಿಜವಾದ ಕಳ್ಳರದ್ದು. ಪತ್ತೆ ಯಂತ್ರ ನೂರಕ್ಕೆ 99 ಸಲ ಸರಿ ಹೇಳುತ್ತೆ. ಒಳ್ಳೇ ಯಂತ್ರವೇ ಅಲ್ವಾ? ಕಳ್ಳರ ಹತ್ತನ್ನೂ ಹಿಡೀತು ಅನ್ನೋಣ. ಉಳಿದ ಒಳ್ಳೇ ಘಟನೆಗಳಲ್ಲಿ ನೂರಕ್ಕೊಂದು ತಪ್ಪು ಅಂದ್ರೂ ಹತ್ತಿರ ಹತ್ತಿರ 10,000 ಸುಳ್ಳು ಅಲರ್ಟು. ಅಂದ್ರೆ ಸಾವಿರ ಸಲ ಗಂಟೆ ಹೊಡೆದ್ರೆ ಒಂದು ಸಲ ಕಳ್ಳ. ಸ್ವೀಡನ್ನಿನ ಸ್ಟೆಫಾನ್ ಆಕ್ಸೆಲ್‌ಸನ್ ಅನ್ನೋ ಸಂಶೋಧಕರು 1999ರಲ್ಲೇ ಈ ಜಾತಿಯ ಲೆಕ್ಕ ಮಾಡಿ ತೋರಿಸಿದ್ರು. ಕಳ್ಳತನ ಅಪರೂಪವಾಗಿರೋ ತನಕ ಯಂತ್ರ ಎಷ್ಟೇ ಜಾಣ ಆದ್ರೂ ಸುಳ್ಳು ಗಂಟೆಯೇ ಜಾಸ್ತಿ. ಇವತ್ತು ಎಐ ಹೆಸರಲ್ಲಿ ಮಾರೋ ವ್ಯವಸ್ಥೆಗಳೂ ಈ ಲೆಕ್ಕ ದಾಟಿ ಹೋಗಿಲ್ಲ. ಗಂಟೆ ಕಡಿಮೆ ಮಾಡಿರಬಹುದು, ಅದನ್ನ ಒಪ್ತೀನಿ.

ಅದರ ಮೇಲೆ ಊರಿನ ನಡಾವಳಿ ಯಂತ್ರಕ್ಕೆ ಏನು ಗೊತ್ತು? "ಮಾಮೂಲಿಗಿಂತ ಬೇರೆ ಏನಾದ್ರೂ ನಡೆದ್ರೆ ಹೇಳು" ಅನ್ನೋ ಉಪಾಯವನ್ನ ಡೊರೊಥಿ ಡೆನಿಂಗ್ 1987ರಲ್ಲಿ ಬರೆದಿಟ್ರು. ಇವತ್ತಿಗೂ ಅರ್ಧ ಉದ್ಯಮ ನಿಂತಿರೋದು ಅದರ ಮೇಲೆ. ಆದ್ರೆ ಮಾರ್ಚ್ 31ರ ರಾತ್ರಿ ಮಂಡಿಪೇಟೆಯ ಯಾವುದಾದ್ರೂ ಸೊಸೈಟಿಗೆ ಹೋಗಿ ನೋಡ್ರಿ. ಹನ್ನೊಂದು ಗಂಟೆಯಾದ್ರೂ ಸಿಬ್ಬಂದಿ ಎಲ್ಲಾ ಅಲ್ಲೇ. ಎಲ್ಲರೂ ಒಟ್ಟಿಗೆ ಲಾಗಿನ್, ಸಾವಿರಾರು ಖಾತೆಗೆ ಬಡ್ಡಿ ಹಾಕ್ತಿದ್ದಾರೆ, ದೊಡ್ಡ ದೊಡ್ಡ ಫೈಲು ಹೊರಗೆ ಹೋಗ್ತಿದೆ. ಯಂತ್ರದ ಕಣ್ಣಿಗೆ ಇದು ಹಗಲು ದರೋಡೆ! ಅಕೌಂಟೆಂಟ್ ಕೈಲಿ ಮಂಡಕ್ಕಿ-ಮಿರ್ಚಿ ಇರೋದು ಅದಕ್ಕೆ ಕಾಣಲ್ಲ. ಅದೇ ಏಪ್ರಿಲ್ ಹತ್ತರ ರಾತ್ರಿ ಎರಡು ಗಂಟೆಗೆ ಕ್ಯಾಶಿಯರ್ ಕಂಪ್ಯೂಟರೊಂದು ತಾನಾಗೇ ಎದ್ದು, ಕಚೇರಿಯ ಉಳಿದೆಲ್ಲ ಕಂಪ್ಯೂಟರುಗಳ 445ನೇ ಪೋರ್ಟನ್ನ ಒಂದಾದ ಮೇಲೊಂದು ತಟ್ತಾ ಹೋದ್ರೆ? ಅದು ಫೈಲ್ ಹಂಚಿಕೆಯ ಬಾಗಿಲು. ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳೋ ರ‍್ಯಾನ್ಸಮ್‌ವೇರ್ ಹರಡೋ ದಾರಿಗಳಲ್ಲಿ ಒಂದು. ಯಂತ್ರದ ಪಟ್ಟಿಯಲ್ಲಿ ಎರಡೂ ಒಂದೇ ಕೆಂಪು ಬಣ್ಣದ ಸಾಲು. ಕ್ಯಾಶಿಯರ್ ಸಂಜೆ ಐದೂವರೆಗೇ ಮನೆಗೆ ಹೋಗಿದಾರೆ ಅಂತ ಗೊತ್ತಿರೋನು ಮಾತ್ರ ಎರಡನೇದನ್ನ ನೋಡಿ ಕುರ್ಚಿಯಿಂದ ಜಿಗೀತಾನೆ.

ಚಿತ್ರದುರ್ಗದ ಗೆಳೆಯರು ಇಷ್ಟೊತ್ತಿಗೆ "ಓಬವ್ವನ ಮಾತು ಯಾವಾಗ ಬರುತ್ತೆ" ಅಂತ ಕಾಯ್ತಿರ್ತಾರೆ. ಸೈಬರ್ ಸೆಕ್ಯುರಿಟಿ ಭಾಷಣ ಅಂದ್ರೆ ನಮ್ಮ ಕಡೆ ಕಿಂಡಿ, ಒನಕೆ ಬರಲೇಬೇಕು. ಸರಿ, ಬರಲಿ. ಏಳು ಸುತ್ತಿನ ಕೋಟೆ ಕಟ್ಟೋಕೆ ಎಷ್ಟು ಖರ್ಚಾಗಿತ್ತೋ, ಹೈದರನ ಸೈನಿಕರು ನುಸುಳಿದ್ದು ಒಂದು ಕಿಂಡಿಯಲ್ಲಿ, ಕಾವಲುಗಾರ ಊಟಕ್ಕೆ ಹೋದಾಗ. ಇದನ್ನ ಎಲ್ಲರೂ ಹೇಳ್ತಾರೆ. ನನಗೆ ಮುಖ್ಯ ಅನಿಸೋದು ಬೇರೆ. ನೋಡಿದ್ದೂ ಅವಳೇ, ಒನಕೆ ಎತ್ತಿದ್ದೂ ಅವಳೇ. ದೂರಿನ ಟಿಕೆಟ್ ಹಾಕಿ, ಮೇಲಧಿಕಾರಿ ಉತ್ತರಕ್ಕೆ ಕಾಯಲಿಲ್ಲ. ಟಾರ್ಗೆಟ್‌ನಲ್ಲಿ ಕಣ್ಣು ಬೆಂಗಳೂರಲ್ಲಿತ್ತು, ಕೈ ಮಿನಿಯಾಪೊಲಿಸ್‌ನಲ್ಲಿತ್ತು, ನಡುವೆ ಒಂದು ಇಮೇಲ್.

"ಹಾಗಾದ್ರೆ ಕೈಯನ್ನೂ ಯಂತ್ರಕ್ಕೇ ಕೊಟ್ಟುಬಿಡೋಣ, ಅನುಮಾನ ಬಂದ ಕಂಪ್ಯೂಟರನ್ನ ತಾನೇ ನೆಟ್‌ವರ್ಕಿಂದ ಕತ್ತರಿಸಿ ಹಾಕಲಿ" ಅಂತೀರಾ? ಅರ್ಧ ಒಪ್ತೀನಿ. ರ‍್ಯಾನ್ಸಮ್‌ವೇರ್ ಹರಡೋಕೆ ಶುರುವಾದ ಮೇಲೆ ಮನುಷ್ಯ ಎದ್ದು ಕಣ್ಣುಜ್ಜಿ ಬರೋ ಅಷ್ಟರಲ್ಲಿ ಮುಗಿದಿರುತ್ತೆ. ಗುಮಾಸ್ತರ ಕಂಪ್ಯೂಟರು, ಕಾಲೇಜಿನ ಲ್ಯಾಬಿನ ಕಂಪ್ಯೂಟರು, ಇವನ್ನ ಕೇಳದೇ ಕತ್ತರಿಸಲಿ, ಬೆಳಗ್ಗೆ ಬೈದ್ರೆ ಬೈಸಿಕೊಳ್ಳೋಣ. ಆದ್ರೆ ಆಸ್ಪತ್ರೆಯ ಐಸಿಯು, ಬ್ಯಾಂಕಿನ ಎಟಿಎಂ ಸ್ವಿಚ್ಚು? ಅಲ್ಲಿ ಸುಳ್ಳು ಗಂಟೆಗೆ ಕೈ ಆಡಿಸಿದ್ರೆ ಕಳ್ಳ ಮಾಡದ ಹಾನಿ ಕಾವಲುಗಾರನೇ ಮಾಡ್ತಾನೆ. 2024ರ ಜುಲೈ 19, ಶುಕ್ರವಾರ, ನಮ್ಮ ಗಡಿಯಾರದಲ್ಲಿ ಬೆಳಗ್ಗೆ 9 ಗಂಟೆ 39 ನಿಮಿಷ. ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ದೋಷದ ಅಪ್‌ಡೇಟ್ ತಾನಾಗೇ ಹೊರಟು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನ ನೀಲಿ ಪರದೆಗೆ ನಿಲ್ಲಿಸ್ತು. ಕಳ್ಳರಿಂದ ಉಳಿಸೋಕೆ ಹಾಕಿಸಿದ್ದ ತಂತ್ರಾಂಶವೇ ಅದು. ನಮ್ಮ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ರು. ಕಂಪನಿ 78 ನಿಮಿಷದಲ್ಲಿ ಅಪ್‌ಡೇಟ್ ವಾಪಸ್ ತಗೊಂಡ್ರೂ, ಬಿದ್ದ ಯಂತ್ರಗಳನ್ನ ಎಬ್ಬಿಸೋಕೆ ಎಷ್ಟೋ ಕಡೆ ಒಬ್ಬ ಮನುಷ್ಯ ಒಂದೊಂದರ ಮುಂದೆ ಹೋಗಿ ನಿಂತು, ಸೇಫ್ ಮೋಡಿಗೆ ಹೋಗಿ, ಒಂದು ಫೈಲ್ ಅಳಿಸಬೇಕಾಯ್ತು.

ಅದಾಗಿ ಹನ್ನೆರಡು ದಿನಕ್ಕೆ, ಜುಲೈ 31ಕ್ಕೆ, ಇನ್ನೊಂದು ಸುದ್ದಿ. ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸೋ ಸಿ-ಎಡ್ಜ್ ಕಂಪನಿ ಮೇಲೆ ರ‍್ಯಾನ್ಸಮ್‌ವೇರ್ ದಾಳಿ. ಯುಪಿಐ ನಡೆಸೋ ಎನ್‌ಪಿಸಿಐ ಅದನ್ನ ಪಾವತಿ ಜಾಲದಿಂದ ಹೊರಗೆ ಹಾಕ್ತು. ದೇಶದಲ್ಲಿ 300ರ ಹತ್ತಿರ ಸಹಕಾರಿ, ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ಸಿಗಲಿಲ್ಲ. ಜನ ಬೈದ್ರು, ಸಹಜ. ನನ್ನ ಪ್ರಕಾರ ಸರಿಯಾದ ನಿರ್ಧಾರ. ಸಂಪರ್ಕ ಕತ್ತರಿಸೋ ಅಧಿಕಾರ ಯಾರದ್ದು ಅನ್ನೋದು ಅಲ್ಲಿ ಸ್ಪಷ್ಟ ಇತ್ತು, ಹಾಗಾಗಿ ಬೆಂಕಿ ದೊಡ್ಡ ಜಾಲಕ್ಕೆ ಹಬ್ಬಲಿಲ್ಲ. ನಮ್ಮೂರಿನ ಸಂಸ್ಥೆಗಳಲ್ಲಿ ಆ ಅಧಿಕಾರ ಯಾರದ್ದು? ರಾತ್ರಿ ಎರಡಕ್ಕೆ ಕೇಬಲ್ ಕಿತ್ತ ಅಂತ ಬೆಳಗ್ಗೆ ಆ ಹುಡುಗನಿಗೇ ನೋಟಿಸ್ ಕೊಡೋರು ಇದ್ದಾರೆ ಇಲ್ಲಿ.

ದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರ ನೋಡಿದಾಗೆಲ್ಲ ನನಗೆ ಜರ್ಮನಿ ನೆನಪಾಗುತ್ತೆ. 2022ರ ಫೆಬ್ರವರಿ 24ರಂದು, ಉಕ್ರೇನ್ ಯುದ್ಧ ಶುರುವಾದ ದಿನವೇ, ಉಪಗ್ರಹ ಇಂಟರ್ನೆಟ್ಟಿನ ಮೋಡೆಮ್‌ಗಳನ್ನ ದಾಳಿಕೋರರು ಅಳಿಸಿಹಾಕಿದಾಗ ಅಲ್ಲಿ ಸುಮಾರು 5,800 ಗಾಳಿಯಂತ್ರಗಳ ದೂರ ನಿಗಾ ನಿಂತುಹೋಯ್ತು. ರೆಕ್ಕೆ ತಿರುಗ್ತಾನೇ ಇತ್ತು, ವಿದ್ಯುತ್ ಬರ್ತಾನೇ ಇತ್ತು, ನೋಡೋರಿಗೆ ಮಾತ್ರ ಏನೂ ಕಾಣಿಸ್ತಿರಲಿಲ್ಲ. ಹಾಳಾದ ಮೋಡೆಮ್ ಬದಲಿಸೋಕೆ ಮತ್ತೆ ಜನರೇ ಹೋಗಬೇಕಾಯ್ತು.

ಇನ್ನು ಫೈರ್‌ಐ. ಮೊದಲು ಹೇಳಿದ್ನಲ್ಲ, ಅದೇ ಕಂಪನಿ. 2020ರಲ್ಲಿ ಕಳ್ಳರು ಅವರ ಮನೆಗೇ ನುಗ್ಗಿದ್ರು. ಪತ್ತೆಯಾಗಿದ್ದು ಒಂದು ಚಿಲ್ಲರೆ ಅಲರ್ಟಿನಿಂದ. ಉದ್ಯೋಗಿಯೊಬ್ಬರ ಖಾತೆಗೆ ಎರಡನೇ ಫೋನ್ ನೋಂದಣಿಯಾಗಿದೆ ಅಂತ. ದಿನಾ ಬರೋ ಅಂಥದ್ದೇ. ಆದ್ರೆ ಭದ್ರತಾ ತಂಡದವರು ಆ ಉದ್ಯೋಗಿಗೆ ಫೋನ್ ಮಾಡಿ "ಇದು ನಿಮ್ದಾ?" ಅಂತ ಕೇಳಿದ್ರು. "ಅಲ್ಲ" ಅಂದ್ರು. ಆ ಎಳೆ ಹಿಡಿದು ಹೋದ್ರೆ ಸಿಕ್ಕಿದ್ದು ಸೋಲಾರ್‌ವಿಂಡ್ಸ್ ಹಗರಣ. ಸುಮಾರು 18,000 ಸಂಸ್ಥೆಗಳಿಗೆ ವಿಷ ಬೆರೆಸಿದ ಅಪ್‌ಡೇಟ್ ಹೋಗಿತ್ತು. ಅದು ಯಾವ ತಂತ್ರಾಂಶದ ಅಪ್‌ಡೇಟ್ ಅಂತೀರಿ? ನೆಟ್‌ವರ್ಕ್ ಮೇಲೆ ನಿಗಾ ಇಡೋ ಒರಾಯನ್ ಅನ್ನೋದು! ನಿಗಾ ಯಂತ್ರವೇ ಕಳ್ಳರ ಬಾಗಿಲು, ಮತ್ತು ಅದನ್ನ ಮುಚ್ಚೋಕೆ ದಾರಿ ತೋರಿಸಿದ್ದು ಒಂದು ಫೋನ್ ಕರೆ.

ಹಾಗಾಗಿ ನನ್ನ ವಾದ ಇಷ್ಟು. ದಾವಣಗೆರೆ, ಚಿತ್ರದುರ್ಗದ ಬ್ಯಾಂಕು, ಆಸ್ಪತ್ರೆ, ಕಾಲೇಜುಗಳು ಮುಂದಿನ ಪೆಟ್ಟಿಗೆ ತಗೊಳ್ಳೋ ಮೊದಲು ಒಬ್ಬರಿಗೆ ಸಂಬಳ ಕೊಡಲಿ. ಒಂದೊಂದು ಸಂಸ್ಥೆಗೆ ಆಗಲ್ಲ ಅಂದ್ರೆ ನಾಲ್ಕೈದು ಸೇರಿ ಮೂರು ಜನರನ್ನ ಪಾಳಿಗೆ ಇಟ್ಕೊಳ್ಳಲಿ. ಸಹಕಾರ ಅಂದ್ರೆ ನಮ್ಮ ಕಡೆ ಹೊಸದೇನಲ್ಲ. ತಂತ್ರಾಂಶದ ಚಿಂತೆ ಬೇಡ. ಜೀಕ್ ಇದೆ, 1995ರಿಂದ ಬೆಳೆದು ಬಂದದ್ದು, ಮೊದಲು ಬ್ರೋ ಅಂತಿದ್ರು. ಸುರಿಕಾಟ ಇದೆ, ವಾಝು ಇದೆ. ಮೂರೂ ಪುಕ್ಕಟೆ, ಮೂರೂ ಗಟ್ಟಿ. ಆದ್ರೆ ಪುಕ್ಕಟೆ ತಂತ್ರಾಂಶಕ್ಕೆ ಟೆಂಡರ್ ಇಲ್ಲ, ಟೆಂಡರ್ ಇಲ್ಲದ್ದಕ್ಕೆ ನಮ್ಮಲ್ಲಿ ಉದ್ಘಾಟನೆಯೂ ಇಲ್ಲ. ಇದನ್ನ ಬಿಡಿಸಿ ಹೇಳೋದು ಬೇಡ ಅನ್ಕೊಂಡಿದೀನಿ.

"ಹೊರಗುತ್ತಿಗೆ ಕೊಟ್ಟಿದೀವಲ್ಲ, ಬೆಂಗಳೂರಿನ ಕಂಪನಿ 24 ಗಂಟೆ ನೋಡುತ್ತೆ" ಅನ್ನೋರಿಗೆ ಒಂದೇ ಮಾತು. ನೋಡ್ಲಿ, ಒಳ್ಳೇದೇ. ಅವರು ರಾತ್ರಿ ಎರಡಕ್ಕೆ ಫೋನ್ ಮಾಡಿದ್ರೆ ಇಲ್ಲಿ ಎತ್ತೋರು ಯಾರು? ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ, ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನದ ಲಾಗ್, ಅಂದ್ರೆ ಕಂಪ್ಯೂಟರುಗಳ ಚಟುವಟಿಕೆಯ ದಾಖಲೆ, ಇಟ್ಟಿರಬೇಕು ಅಂತ ಹೇಳಿದೆ. ಅಲರ್ಟು ಊರು ಬಿಟ್ಟೋನ ಇಮೇಲಿಗೆ ಹೋಗ್ತಿದ್ರೆ ಗಮನಕ್ಕೆ ಬರೋದಾದ್ರೂ ಯಾರಿಗೆ?

ಸೆಪ್ಟೆಂಬರ್ ಬಂದ್ರೆ ಸಹಕಾರಿ ಸಂಘಗಳ ಸರ್ವಸದಸ್ಯರ ಸಭೆ. ಸಿಹಿ, ಖಾರ, ಡಿವಿಡೆಂಡ್ ವಿಚಾರಿಸಿ ಎದ್ದು ಬರ್ತೀವಿ. ಈ ಸಲ ವಾರ್ಷಿಕ ವರದಿಯಲ್ಲಿ "ಕಂಪ್ಯೂಟರ್ ನಿರ್ವಹಣೆ" ಅನ್ನೋ ಸಾಲು ಹುಡುಕ್ರಿ. ಅದರಲ್ಲಿ ಸಂಬಳ ಎಷ್ಟು, ಲೈಸೆನ್ಸ್ ಎಷ್ಟು, ರಾತ್ರಿ ಕೇಬಲ್ ಕೀಳೋ ಅಧಿಕಾರ ಯಾರಿಗೆ ಬರೆದು ಕೊಟ್ಟಿದೀರಿ ಅಂತ ಕೇಳ್ರಿ. ವೇದಿಕೆ ಮೇಲಿನೋರು "ಆಮೇಲೆ ಚೇಂಬರಿಗೆ ಬರ್ರಿ" ಅಂದ್ರೆ ಹೋಗಬೇಡ್ರಿ. ಪ್ರಶ್ನೆಯನ್ನ ನಡಾವಳಿ ಪುಸ್ತಕದಲ್ಲಿ ಬರೆಸಿ, ನಿಮ್ಮ ಸದಸ್ಯತ್ವದ ನಂಬರ್ ಸಮೇತ.